ಅಂಬಾಸಿಡರ್ ಕಾರಿನ ಪೆಟ್ಟಿಗೆಯೂ ಅಪ್ಪನ ಲೆಕ್ಕವೂ

ಒಂದು ಕಾಲಕ್ಕೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆಯ ಸೀಮೆಯಲ್ಲಿ ಕಾರು ಎಂದರೆ ಅಂಬಾಸಿಡರ್ ಎಂದೇ ಅರ್ಥವಾಗಿತ್ತು. ಮದುವೆಯ ಗಂಡುಹೆಣ್ಣನ್ನು ಕರೆತರುವುದಕ್ಕೆ ಅದೇ ಬೇಕು. ಮಠದಿಂದ ಗುರುಗಳನ್ನು ಪಾದಪೂಜೆಗೆ ಬಿಜಯಂಗೈಸುವುದಕ್ಕೆ ಅದೇ ಬೇಕು. ಹೆರಿಗೆ ಕಷ್ಟವಾದ ಹೆಣ್ಣುಮಗಳನ್ನು ಅಪರಾತ್ರಿಯಲ್ಲಿ ಮೈಸೂರಿನ ಆಸ್ಪತ್ರೆಗೆ ಸೇರಿಸುವುದಕ್ಕೂ ಅದೇ ಬೇಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯನ್ನು ಆಧರಿಸಿ, ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯವರು ೧೯೫೭ರಲ್ಲಿ ಇದನ್ನು ತಯಾರಿಸಲು ತೊಡಗಿದರು. ೨೦೧೪ರ ಮೇ ತಿಂಗಳಲ್ಲಿ ಆ ಕಾರ್ಖಾನೆಯ ಕೆಲಸ ನಿಂತಿತು. ಐವತ್ತೇಳು ವರ್ಷಗಳ ಕಾಲ ಹೊರಮೈಯ ರೂಪವನ್ನು ಹೆಚ್ಚು ಬದಲಿಸದೆ ಬಾಳಿದ ಇಂಥ ಕಾರು ನಮ್ಮ ದೇಶದಲ್ಲಿ ಮತ್ತೊಂದಿಲ್ಲವೆನ್ನಬಹುದು. ಇಂದಿಗೂ ಕೆಲವು ಮನೆಗಳ ಹಿತ್ತಲಿನಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ಅದು ಮನೆಯ ಹಿರಿಯರಂತೆ ಕುಳಿತಿರುವುದನ್ನು ಕಾಣುತ್ತೇವೆ.

ಈ ಕಾರಿನಲ್ಲಿ ಓಡಿಸುವವರ ಪಕ್ಕದ ಆಸನದೆದುರು ಒಂದು ಚಿಕ್ಕ ಪೆಟ್ಟಿಗೆಯುಂಟು. ಇಂಗ್ಲಿಷಿನವರು ಅದನ್ನು ಗ್ಲೋವ್ ಬಾಕ್ಸ್, ಎಂದರೆ ಕೈಚೀಲಗವಸಿನ ಪೆಟ್ಟಿಗೆ ಎಂದು ಕರೆದರು. ಮೊದಮೊದಲ ಕಾರುಗಳಿಗೆ ಮಾಡೂ ಇರಲಿಲ್ಲ, ಗಾಜಿನ ಮರೆಯೂ ಇರಲಿಲ್ಲ. ಚಳಿಗಾಳಿಯಲ್ಲಿ ಓಡಿಸುವವರು ಚರ್ಮದ ಕೈಗವಸು ತೊಡಬೇಕಾಗಿತ್ತು. ಅದನ್ನಿಡಲು ಒಂದು ಖಾನೆ ಬೇಕಾಯಿತು. ಇಂಗ್ಲೆಂಡಿನ ಡೊರೊತಿ ಲೆವಿಟ್ ಎಂಬ ಮಹಿಳೆ ೧೯೦೯ರಲ್ಲಿ ಪ್ರಕಟಿಸಿದ, ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುವ ಪುಸ್ತಕದಲ್ಲಿ ಇಂಥದೊಂದು ಖಾನೆಯ ಪ್ರಸ್ತಾಪವಿದೆ. ನಮ್ಮ ಬಿಸಿಲುನಾಡಿನಲ್ಲಿ ಕೈಗವಸು ತೊಟ್ಟವರಾರು? ನಮ್ಮವರು ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಎಂದು ಕರೆದು, ಕಾಗದಪತ್ರ, ವಿಭೂತಿ ಗಟ್ಟಿ, ಬ್ಯಾಟರಿ, ಫ್ಯೂಸು, ಎಲೆಯಡಿಕೆಗಳ ಜಾಗವನ್ನಾಗಿ ಮಾಡಿಕೊಂಡರು. ಮನೆಯ ದೇವರ ಗೂಡಿನಲ್ಲಿ ಇರಬೇಕಾದದ್ದೂ, ಕಬ್ಬಿಣದ ಬೀರುವಿನಲ್ಲಿ ಇರಬೇಕಾದದ್ದೂ ಎಷ್ಟೋ ಸಲ ಈ ಪುಟ್ಟ ಪೆಟ್ಟಿಗೆಯಲ್ಲಿಯೇ ಉಳಿದುಬಿಡುತ್ತಿತ್ತು.

ಇಂಥ ಒಂದು ಪೆಟ್ಟಿಗೆ ತೆರೆಯದೆ ಹೋದಾಗ ನಮ್ಮ ಮನೆಯಲ್ಲಿ ನಡೆದ ಪ್ರಸಂಗವನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದು ಈ ಬರಹದ ಉದ್ದೇಶ. ಇದರಲ್ಲಿ ಯಂತ್ರದ ಮಾತೂ ಇದೆ, ಮನೆತನದ ಮಾತೂ ಇದೆ. ಎರಡನ್ನೂ ಬೇರ್ಪಡಿಸಿ ಹೇಳುವುದು ನನ್ನಿಂದಾಗದು.

ನಮ್ಮ ತಂದೆಯವರು ೧೯೮೩ರಲ್ಲಿ ತಯಾರಾದ ಮಾರ್ಕ್ ೪ ಅಂಬಾಸಿಡರ್ ಒಂದನ್ನು ೧೯೮೮ರಲ್ಲಿ ಕೊಂಡರು. ಆಗ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ನಮ್ಮದು ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ತಂದೆಯವರದು ಅರಿಸಿನದ ಬೇಸಾಯ. ಕಾರು ಬೇಸಾಯಕ್ಕೆ ಬೇಕಾದದ್ದಕ್ಕಿಂತ ನೆರೆಹೊರೆಗೆ ಬೇಕಾದದ್ದೇ ಹೆಚ್ಚು. ತೋಂಟದ ಸಿದ್ಧಲಿಂಗೇಶ್ವರರು ಜನಿಸಿದ ಹರದನಹಳ್ಳಿಗೆ ನೆಂಟರನ್ನು ಕರೆದೊಯ್ಯುವುದು, ಅಮಾವಾಸ್ಯೆಗೆ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಮುದುಕರನ್ನು ಕೂರಿಸಿಕೊಂಡು ಹೋಗುವುದು, ರಾತ್ರಿವೇಳೆ ಬಾಗಿಲು ತಟ್ಟಿದವರಿಗೆ ಇಲ್ಲವೆನ್ನದೆ ಎದ್ದು ಹೊರಡುವುದು ಅವರ ಪದ್ಧತಿಯಾಗಿತ್ತು. ಪೆಟ್ರೋಲಿಗೆಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಕಾಗದಪತ್ರ ಎಲ್ಲಿ ಎಂದು ನಾವು ಕೇಳಿದಾಗಲೆಲ್ಲ, “ಎಲ್ಲಾ ಕಾರಿನ ಪೆಟ್ಟಿಗೇಲಿ ಅದೆ” ಎಂಬುದೊಂದೇ ಉತ್ತರ. ೨೦೧೯ರಿಂದ ಅವರ ಆರೋಗ್ಯ ಕೆಟ್ಟಿತು. ೨೦೨೧ರಲ್ಲಿ ಲಿಂಗೈಕ್ಯರಾದರು. ಆಮೇಲೆ ಆ ಪೆಟ್ಟಿಗೆಯನ್ನು ತೆರೆಯುವ ಸಂದರ್ಭ ಯಾರಿಗೂ ಬರಲಿಲ್ಲ.

ನಾನು ಉಪಾಧ್ಯಾಯನಾಗಿ ನಿವೃತ್ತನಾಗಿ ಗುಂಡ್ಲುಪೇಟೆಯಲ್ಲಿ ನೆಲೆಸಿದ್ದೇನೆ. ಚಾಮರಾಜನಗರದ ಮನೆಯಲ್ಲಿ ತಾಯಿಯವರೊಂದಿಗೆ ನನ್ನ ತಮ್ಮನ ಸಂಸಾರವಿದೆ. ಕಾರನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಒರೆಸಿ, ಚೊಕ್ಕಟವಾಗಿ ಕಾಪಾಡಿಕೊಂಡು ಬಂದವನು ಅವನೇ. ಖಾಸಗಿ ಕಾರಿನ ನೋಂದಣಿಗೆ ಮೊದಲು ಹದಿನೈದು ವರ್ಷದ ಅವಧಿ, ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಣ. ಈ ಲೆಕ್ಕದಲ್ಲಿ ನಮ್ಮ ಕಾರಿನ ಸರದಿ ೨೦೨೩ಕ್ಕೆ ಬಂದಿತು. ನವೀಕರಣದ ಶುಲ್ಕ ಅಷ್ಟರಲ್ಲಿ ೬೦೦ ರೂಪಾಯಿಯಿಂದ ೫,೦೦೦ ರೂಪಾಯಿಗೆ ಏರಿತ್ತು. ಅದು ೨೦೨೨ರ ಏಪ್ರಿಲ್‌ನಿಂದ ಜಾರಿಗೆ ಬಂದ ಬದಲಾವಣೆ. ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಎಂಬ ಗೌರವವನ್ನು ಕೊಟ್ಟು ಪ್ರತ್ಯೇಕ ನೋಂದಣಿ ಮಾಡುವ ನಿಯಮ ೨೦೨೧ರಲ್ಲಿ ಬಂದಿದೆಯಾದರೂ, ನಮ್ಮ ಕಾರು ಆ ಗೌರವಕ್ಕೆ ೨೦೩೩ರವರೆಗೆ ಕಾಯಬೇಕು. ಅಲ್ಲಿಯವರೆಗೆ ಅದು ಬರಿಯ ಹಳೆಯ ಕಾರು. ತಂದೆಯವರ ಹೆಸರಿನಿಂದ ತಮ್ಮನ ಹೆಸರಿಗೆ ವರ್ಗಾವಣೆಯೂ ಆಗಬೇಕಾಗಿತ್ತು. ಇದೆಲ್ಲಕ್ಕೂ ಮೂಲವಾದ ಆರ್.ಸಿ. ಪುಸ್ತಕ ಪೆಟ್ಟಿಗೆಯೊಳಗಿತ್ತು. ಪೆಟ್ಟಿಗೆಯಾದರೋ ತೆರೆಯಲೊಲ್ಲದು. ಕಳೆದುಹೋಗಿದೆಯೆಂದು ದೂರು ಕೊಟ್ಟರೆ ನಕಲು ಸಿಗುತ್ತದೆ ಎಂದು ಹಿತೈಷಿಗಳು ಸೂಚಿಸಿದರು. ಕಣ್ಣೆದುರಿಗೇ ಇರುವ ಪೆಟ್ಟಿಗೆಯೊಳಗಿನ ಪತ್ರವನ್ನು ಕಳೆದಿದೆಯೆಂದು ಬರೆದುಕೊಡುವುದಾದರೂ ಹೇಗೆ?

ಆದರೆ ನಮ್ಮನ್ನು ಕಾಡುತ್ತಿದ್ದುದು ಆರ್.ಸಿ. ಪುಸ್ತಕವೊಂದೇ ಅಲ್ಲ. ನನ್ನ ತಂಗಿಯ ಮದುವೆಗೆಂದು ತಂದೆಯವರು ೧೯೯೩ರಲ್ಲಿ ತೆರಕಣಾಂಬಿಯ ಕಡೆಯ ನೆಂಟರೊಬ್ಬರಿಂದ ೩೦,೦೦೦ ರೂಪಾಯಿ ಕೈಗಡ ಪಡೆದಿದ್ದರು. ಕಾಗದವಿಲ್ಲ, ಬಡ್ಡಿಯಿಲ್ಲ, ಬರಿಯ ಮಾತಿನ ಮೇಲಿನ ಹಣ. ಕೊಟ್ಟವರು ೨೦೦೫ರಲ್ಲಿಯೇ ಲಿಂಗೈಕ್ಯರಾದರು. ೨೦೨೨ರಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಅವರ ಮಗ ಮಾತಿಗೆ ಮಾತು ಬಂದು, “ನಮ್ಮಪ್ಪಾಜಿ ಎಂಟು ಸಾವಿರ ಬರಬೇಕಾಗದೆ ಅಂತ ಹೇಳ್ತಿದ್ರು” ಎಂದರು. ಕೇಳಬೇಕೆಂದು ಕೇಳಿದ ಮಾತಲ್ಲ ಅದು. ಆದರೂ ನನ್ನ ತಮ್ಮನಿಗೆ ನಾಟಿತು. “ನಮ್ಮಪ್ಪ ಯಾರ ದುಡ್ಡೂ ಇಟ್ಕಂಡೋರಲ್ಲ” ಎಂದು ಎಲೆಯ ಮುಂದಿನಿಂದ ಎದ್ದುಬಿಟ್ಟ. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. ಅವರ ಮನೆಯ ಗೃಹಪ್ರವೇಶಕ್ಕೆ ನಾವು ಹೋಗಲಿಲ್ಲ, ನಮ್ಮ ತಂದೆಯವರ ವರ್ಷದ ಪುಣ್ಯಸ್ಮರಣೆಗೆ ಅವರು ಬರಲಿಲ್ಲ. ಮೂವತ್ತು ವರ್ಷದ ಬಾಂಧವ್ಯ ಎಂಟು ಸಾವಿರ ರೂಪಾಯಿಯ ಮೇಲೆ ಒಡೆದು ನಿಂತಿತು. ತಂದೆಯವರು ಲೆಕ್ಕ ಬರೆಯುತ್ತಿದ್ದ ಚಿಕ್ಕ ಡೈರಿಯೊಂದು ಸದಾ ಕಾರಿನಲ್ಲಿರುತ್ತಿತ್ತು. ಅದು ಸಿಕ್ಕಿದರೆ ಸಾಲ ತೀರಿದ್ದು ಸಿದ್ಧವಾಗುತ್ತದೆ, ಅವರ ಮುಖಕ್ಕೆ ಹಿಡಿಯಬಹುದು ಎಂಬುದು ತಮ್ಮನ ದೃಢವಾದ ನಂಬಿಕೆಯಾಗಿತ್ತು.

ಪೆಟ್ಟಿಗೆಯನ್ನು ಒಡೆದು ತೆಗೆಯೋಣವೆಂದು ಮನೆಯ ಹುಡುಗರು ಅವಸರಪಟ್ಟರು. ತಮ್ಮನ ಮಗ ಸ್ಕ್ರೂಡ್ರೈವರಿನಿಂದ ಮುಚ್ಚಳದ ಸಂದಿಯನ್ನು ಮೀಟಿದ್ದರಿಂದ ಅಂಚಿನ ಬಣ್ಣ ಒಂದಂಗುಲ ಕಿತ್ತು ಬಂದಿತು, ಮುಚ್ಚಳ ಮಾತ್ರ ಅಲುಗಲಿಲ್ಲ. ತಾಯಿಯವರು ತಡೆದರು. ಅಷ್ಟರಲ್ಲಿ ನನಗೆ ಗುಂಡ್ಲುಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರ ನೆನಪಾಯಿತು. ಊರಿನವರೆಲ್ಲ ಅವರನ್ನು ಮೇಸ್ತ್ರಿಗಳು ಎಂದೇ ಕರೆಯುತ್ತಾರೆ. ಗುಂಡ್ಲುಪೇಟೆಗೂ ಅಂಬಾಸಿಡರಿಗೂ ಒಂದು ಹಳೆಯ ನಂಟಿದೆ. ಮೈಸೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಬಂಡೀಪುರದ ಕಾಡಿನ ಮೂಲಕ ಊಟಿಗೂ, ಇನ್ನೊಂದು ವಯನಾಡಿನ ಕಡೆಗೂ ಹೋಗುತ್ತದೆ. ಪ್ರವಾಸಿಗರನ್ನು ಹೊತ್ತ ಟ್ಯಾಕ್ಸಿಗಳು ಘಾಟಿ ಹತ್ತುವ ಮೊದಲು ಇಲ್ಲಿಯೇ ನಿಂತು ನೀರು, ಆಯಿಲು, ಬ್ರೇಕು ನೋಡಿಸಿಕೊಳ್ಳುತ್ತಿದ್ದವು. ಕಾಡಿನ ರಸ್ತೆಯಲ್ಲಿ ೨೦೦೯ರಿಂದ ರಾತ್ರಿ ಸಂಚಾರ ನಿಷೇಧವಾದ ಮೇಲಂತೂ ಹೊತ್ತು ಮೀರಿ ಬಂದವರಿಗೆ ಇದೇ ತಂಗುದಾಣ. ಆ ಟ್ಯಾಕ್ಸಿಗಳ ಕಾಲದಲ್ಲಿ ಕೈ ಪಳಗಿಸಿಕೊಂಡವರು ನಮ್ಮ ಮೇಸ್ತ್ರಿಗಳು. ಈಗಿನ ಹುಡುಗರು ಕಂಪ್ಯೂಟರ್ ಜೋಡಿಸಿ ಕಾರಿನ ರೋಗವನ್ನು ಓದುತ್ತಾರೆ. ಮೇಸ್ತ್ರಿಗಳು ಕಿವಿಗೊಟ್ಟು ಕೇಳುತ್ತಾರೆ.

ಆಷಾಢ ಮಾಸದ ಒಂದು ಬೆಳಿಗ್ಗೆ ನಾನು ಚಾಮರಾಜನಗರಕ್ಕೆ ಹೋಗಿ, ತಮ್ಮನೊಂದಿಗೆ ಆ ಕಾರಿನಲ್ಲಿಯೇ ಗುಂಡ್ಲುಪೇಟೆಗೆ ಮರಳಿದೆ. ಸುಮಾರು ೩೫ ಕಿಲೋಮೀಟರಿನ ದಾರಿ. ಎರಡು ಮಗ್ಗುಲಿಗೂ ಅರಿಸಿನದ ಎಳೆಯ ಗಿಡ, ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ತೆರಕಣಾಂಬಿ ಸಮೀಪಿಸಿದಾಗ ನೆಂಟರ ಊರಿಗೆ ತಿರುಗುವ ಮಣ್ಣುದಾರಿ ಕಂಡಿತು. ತಮ್ಮ ಆ ಕಡೆ ನೋಡಲಿಲ್ಲ. ನಾನೂ ಮಾತೆತ್ತಲಿಲ್ಲ.

ಮೇಸ್ತ್ರಿಗಳು ಉಪಕರಣವನ್ನು ಮುಟ್ಟುವ ಮೊದಲು ಎಡಗಡೆಯ ಆಸನದಲ್ಲಿ ಕುಳಿತು, ಬೀಗದ ಕೈ ಹಾಕಿ ತಿರುಗಿಸಿದರು. ಅದು ಸಲೀಸಾಗಿ ತಿರುಗಿತು. ಗುಂಡಿಯನ್ನು ಒತ್ತಿದರು. ಒಳಕ್ಕೆ ಹೋಯಿತು, ನಿಧಾನವಾಗಿ ಹೊರಕ್ಕೆ ಬಂದಿತು. “ಬೀಗದ್ದು ತಪ್ಪಿಲ್ಲ ಮೇಷ್ಟ್ರೆ” ಎಂದರು. ಆಮೇಲೆ ಬೆರಳ ಗೆಣ್ಣಿನಿಂದ ಮುಚ್ಚಳವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಟ್ಟುತ್ತ ಬಂದರು. ಎಡಕ್ಕೆ ಟೊಳ್ಳು ಸದ್ದು, ಬಲಕ್ಕೆ ಗಟ್ಟಿ ಸದ್ದು. “ಈ ಮಗ್ಗುಲಲ್ಲಿ ಏನೋ ಒಳಗಿಂದ ಮುಚ್ಚಳವ ತಳ್ತಾ ಅದೆ. ಕೊಕ್ಕೆ ಬಿಗಿದ್ಕಂಡದೆ. ನಾವು ಹೊರಗಿಂದ ಮೀಟಿದಷ್ಟೂ ಅದು ಇನ್ನೂ ಬಿಗಿಯೋದೆಯ” ಎಂದು ವಿವರಿಸಿದರು.

ಇದರ ಮರ್ಮವನ್ನು ಅವರು ಹೇಳಿದಂತೆಯೇ ಇಲ್ಲಿ ಬರೆಯುತ್ತೇನೆ. ಹಳೆಯ ಕಾರುಳ್ಳ ಮನೆಗಳಿಗೆ ಇದರಿಂದ ಉಪಕಾರವಾದೀತು. ಮುಚ್ಚಳವನ್ನು ಹಿಡಿದಿರುವುದು ಚಿಲಕದ ಒಂದು ಚಿಕ್ಕ ನಾಲಗೆ. ಅದು ಎದುರಿನ ತಗಡಿನ ಕಚ್ಚಿನಲ್ಲಿ ಕುಳಿತಿರುತ್ತದೆ. ಗುಂಡಿಯೊತ್ತಿದಾಗ ನಾಲಗೆ ಹಿಂದಕ್ಕೆ ಸರಿಯಬೇಕು. ಪೆಟ್ಟಿಗೆಯಲ್ಲಿ ಸಾಮಾನು ಹೆಚ್ಚಾಗಿ ತುಂಬಿದ್ದರೆ, ಮಳೆಗಾಲದ ತೇವಕ್ಕೆ ರಟ್ಟು ಉಬ್ಬಿದ್ದರೆ, ಅಥವಾ ಕೀಲಿನ ತಿರುಪು ಸಡಿಲವಾಗಿ ಮುಚ್ಚಳ ಜೋತುಬಿದ್ದಿದ್ದರೆ ನಾಲಗೆಯ ಮೇಲೆ ಭಾರ ಬೀಳುತ್ತದೆ. ಭಾರ ಬಿದ್ದ ನಾಲಗೆ ಜಾರದು. ಆದುದರಿಂದ ಮೊದಲು ಮಾಡಬೇಕಾದ ಕೆಲಸ ಎಳೆಯುವುದಲ್ಲ, ಅಂಗೈಯಿಂದ ಮುಚ್ಚಳವನ್ನು ಒಳಕ್ಕೆ ಒತ್ತಿ ಹಿಡಿದು, ಭಾರ ತಪ್ಪಿದ ಆ ಗಳಿಗೆಯಲ್ಲಿ ಗುಂಡಿಯನ್ನು ಒತ್ತುವುದು. ಹತ್ತರಲ್ಲಿ ಎಂಟು ಪೆಟ್ಟಿಗೆಗಳು ಇಷ್ಟಕ್ಕೇ ತೆರೆದುಕೊಳ್ಳುತ್ತವೆ ಎಂಬುದು ಅವರ ಅನುಭವದ ಮಾತು. ಬೀಗದ ಕೈಯೇ ತಿರುಗದಿದ್ದರೆ ಬೀಗದೊಳಕ್ಕೆ ಎಣ್ಣೆ ಸುರಿಯಬಾರದು, ಎಣ್ಣೆಗೆ ಧೂಳು ಮೆತ್ತಿ ಮತ್ತಷ್ಟು ಕಟ್ಟಿಕೊಳ್ಳುತ್ತದೆ. ಸೀಸದ ಕಡ್ಡಿಯ ಒಳಗಿನ ಕಪ್ಪು ತಿರುಳನ್ನು ಕೆರೆದು ಪುಡಿಮಾಡಿ, ಬೀಗದ ಕೈಗೆ ಸವರಿ ಹಾಕಿ ತಿರುಗಿಸಬೇಕು.

ನಮ್ಮ ಪೆಟ್ಟಿಗೆ ಉಳಿದ ಎರಡರ ಪೈಕಿಯದಾಗಿತ್ತು. ಮೇಸ್ತ್ರಿಗಳು ಮೂರು ಸಲ ಒತ್ತಿ ನೋಡಿ ಬಿಟ್ಟುಬಿಟ್ಟರು. ಡ್ಯಾಶ್‌ಬೋರ್ಡಿನ ಹಿಂದೆ ವೈರುಗಳು ಹಾದುಹೋಗಿರುವುದರಿಂದ ಮೊದಲು ಬ್ಯಾಟರಿಯ ಅರ್ಥ್ ವೈರನ್ನು ಬಿಚ್ಚಿದರು. ಬಳಿಕ ಅಂಗಾತ ಮಲಗಿ ತಲೆಯನ್ನು ಕೆಳಗೆ ತೂರಿಸಿ ಬೆಳಕು ಬಿಟ್ಟು ನೋಡಿದರು. ಪೆಟ್ಟಿಗೆಯ ಒಳಗೂಡು ರಟ್ಟಿನಿಂದ ಮಾಡಿದ್ದು. ಅದನ್ನು ಹಿಡಿದ ನಾಲ್ಕು ತಿರುಪುಗಳಲ್ಲಿ ಎರಡು ತುಕ್ಕು ಹಿಡಿದು ತಲೆ ಸವೆದಿದ್ದವು. ಅವಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, “ಇದು ಕುಡೀಲಿ, ನಾನು ನಮಾಜಿಗೆ ಹೋಗಿ ಬತ್ತೀನಿ” ಎಂದು ಕೈಕಾಲು ತೊಳೆದು ಹೊರಟರು. ಮುಕ್ಕಾಲು ಗಂಟೆ ನಾವು ಅವರ ಷೆಡ್ಡಿನ ಬೆಂಚಿನ ಮೇಲೆ ಕುಳಿತೆವು. ತಮ್ಮನಿಗೆ ತಾಳ್ಮೆ ಕಡಿಮೆ. ಎರಡು ಸಲ ಎದ್ದು ಹೋಗಿ ತಿರುಪು ಮುಟ್ಟಿ ನೋಡಿ ಬಂದ. ಆದರೆ ತುಕ್ಕಿಗೆ ನಮ್ಮ ಅವಸರ ಗೊತ್ತಾಗುವುದಿಲ್ಲ. ಅದು ತನ್ನ ಹೊತ್ತಿಗೆ ತಾನು ಬಿಡುತ್ತದೆ.

ಮೇಸ್ತ್ರಿಗಳು ಬಂದು ತಿರುಪುಗಳನ್ನು ಒಂದು ಸುತ್ತು ಹಿಂದಕ್ಕೆ, ಅರ್ಧ ಸುತ್ತು ಮುಂದಕ್ಕೆ ಆಡಿಸುತ್ತ ನಾಲ್ಕನ್ನೂ ಬಿಡಿಸಿದರು. ಗೂಡಿನ ಹಿಂಭಾಗ ಎರಡು ಬೆರಳಿನಷ್ಟು ಕೆಳಕ್ಕೆ ಇಳಿಯಿತು. ಆ ಸಂದಿಯಲ್ಲಿ ಬೆರಳು ತೂರಿಸಿ ಒಳಗಿದ್ದುದನ್ನು ಹಿಂದಕ್ಕೆ ಸರಿಸಿದರು. ಮೇಲಿನಿಂದ ನನ್ನ ಕೈಯಲ್ಲಿ ಗುಂಡಿ ಒತ್ತಿಸಿದರು. ನಾಲ್ಕು ವರ್ಷ ಮುಚ್ಚಿದ್ದ ಮುಚ್ಚಳ ಯಾವ ಸದ್ದೂ ಇಲ್ಲದೆ ಕೆಳಕ್ಕೆ ಬಾಗಿತು.

ತಳ್ಳುತ್ತಿದ್ದುದು ಏನೆಂದು ನೋಡಿದರೆ, ತಂದೆಯವರ ಬ್ಯಾಟರಿ. ಅದರೊಳಗಿನ ಹಳೆಯ ಷೆಲ್ಲುಗಳು ಸೋರಿ, ಬಿಳಿಯ ಉಪ್ಪು ಹೂತಂತೆ ಹೊರಕ್ಕೆ ಬಂದು, ರಟ್ಟನ್ನು ನೆನೆಸಿ ಉಬ್ಬಿಸಿ, ಚಿಲಕದ ನಾಲಗೆಯವರೆಗೂ ಹರಿದು ತುಕ್ಕು ಹಿಡಿಸಿತ್ತು. ಬೆಳಕು ಕೊಡಲೆಂದು ಇಟ್ಟ ಸಾಧನವೇ ಉಪಯೋಗವಿಲ್ಲದೆ ಬಿದ್ದು ಬಾಗಿಲನ್ನು ಕಟ್ಟಿಹಾಕಿತ್ತು. ಮೇಸ್ತ್ರಿಗಳು ಅಡುಗೆ ಸೋಡವನ್ನು ನೀರಿನಲ್ಲಿ ಕಲಸಿ ಬಟ್ಟೆಯಿಂದ ಆ ಉಪ್ಪನ್ನೆಲ್ಲ ಒರೆಸಿ ತೆಗೆದರು. ನಾಲಗೆಯನ್ನು ಉಪ್ಪುಕಾಗದದಿಂದ ಉಜ್ಜಿ, ತೆಳುವಾಗಿ ಗ್ರೀಸ್ ಸವರಿದರು. ಕೀಲಿನ ತಿರುಪುಗಳನ್ನು ಬಿಗಿದರು. ಕೊಳೆತ ರಟ್ಟನ್ನೇ ಅಳತೆಗೆ ಇಟ್ಟುಕೊಂಡು ತೆಳುವಾದ ಪ್ಲೈವುಡ್ಡಿನಲ್ಲಿ ಹೊಸ ತಳವನ್ನು ಕತ್ತರಿಸಿ ಕೂರಿಸಿದರು. ಇಷ್ಟು ಕೆಲಸಕ್ಕೆ ಅವರು ಕೇಳಿದ್ದು ೬೦೦ ರೂಪಾಯಿ. ತಮ್ಮ ಸಂತೋಷದಿಂದ ಸಾವಿರ ಕೊಟ್ಟ. ಮೇಸ್ತ್ರಿಗಳು ನಾಲ್ಕು ನೂರನ್ನು ಎಣಿಸಿ ಹಿಂದಕ್ಕೆ ಕೊಟ್ಟು, “ಕೆಲಸ ಆಗಿರೋದು ಅಷ್ಟೆಯ” ಎಂದರು.

ಪೆಟ್ಟಿಗೆಯಿಂದ ಹೊರಬಂದ ಸಾಮಾನನ್ನು ಬೆಂಚಿನ ಮೇಲೆ ಹರಡಿದೆವು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಆರ್.ಸಿ. ಪುಸ್ತಕ ಕ್ಷೇಮವಾಗಿತ್ತು. ಬೆಟ್ಟದಿಂದ ತಂದ ವಿಭೂತಿ ಗಟ್ಟಿ, ಎರಡು ಫ್ಯೂಸು, ಒಂದು ಒರೆಸುವ ಬಟ್ಟೆ, ಅಂಚು ಹಳದಿಗಟ್ಟಿದ ಚಿಕ್ಕ ಡೈರಿ. ತಮ್ಮ ಆತುರದಿಂದ ಡೈರಿಯನ್ನು ತೆರೆದ. ತಂದೆಯವರ ದುಂಡನೆಯ ಅಕ್ಷರ. ೧೯೯೩ರಲ್ಲಿ ಪಡೆದದ್ದು ೩೦,೦೦೦. ೧೯೯೪ರಲ್ಲಿ ಕೊಟ್ಟದ್ದು ೧೦,೦೦೦. ೧೯೯೬ರಲ್ಲಿ ೭,೦೦೦. ೧೯೯೯ರಲ್ಲಿ ೫,೦೦೦. ಅದರ ಕೆಳಗೆ ಗೆರೆ ಎಳೆದು, ಬಾಕಿ ೮,೦೦೦ ಎಂದು ಬರೆದಿತ್ತು. ಆ ಪುಟದಲ್ಲಿ ಮುಂದೆ ಏನೂ ಇರಲಿಲ್ಲ.

ತಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಕಾರು ಗುಂಡ್ಲುಪೇಟೆಯ ಪೇಟೆಯನ್ನು ದಾಟಿದ ಮೇಲೆ, “ಅಣ್ಣ, ಇದ ನಾವಿಬ್ಬರೇ ನೋಡಿರೋದು” ಎಂದ. ಅಷ್ಟೇ ಅಂದ. ಅವನು ಕೆಟ್ಟವನಲ್ಲ. ತಂದೆಯ ಹೆಸರಿಗೆ ಕುಂದು ಬಾರದಿರಲಿ ಎಂಬ ಅಕ್ಕರೆಯೇ ಅವನಿಂದ ಆ ಮಾತನ್ನು ಆಡಿಸಿತು. ಲೋಕದಲ್ಲಿ ಸುಳ್ಳುಗಳೆಲ್ಲ ದುರಾಸೆಯಿಂದ ಹುಟ್ಟುವುದಿಲ್ಲ, ಎಷ್ಟೋ ಸುಳ್ಳುಗಳು ಅಕ್ಕರೆಯಿಂದ ಹುಟ್ಟುತ್ತವೆ. ಅವನ್ನು ಗುರುತಿಸುವುದೇ ಹೆಚ್ಚು ಕಷ್ಟ. “ಅವ್ವನ ಕೈಗೆ ಕೊಡೋಣ, ಅವರು ಹೇಳಿದಂಗೆ ಆಗಲಿ” ಎಂದೆ.

ತಾಯಿಯವರಿಗೆ ಆಗ ಎಂಬತ್ತೆರಡು ವರ್ಷ. ಸಂಜೆಯ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ ಪಡಸಾಲೆಯಲ್ಲಿ ಕುಳಿತಿದ್ದರು. ನಾನು ಆ ಪುಟವನ್ನು ಓದಿ ಹೇಳಿದೆ. ಅವರು ಇನ್ನೊಮ್ಮೆ ಓದಿಸಿದರು. ಡೈರಿಯನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿ, “ಸಾಲ ಹೋದವರ ಹಿಂದುಗುಟ್ಟೆ ಹೋಗಕಿಲ್ಲ ಕನಪ್ಪ, ಮನೇಲೆ ಉಳ್ಕತದೆ. ಮರೆತಿದ್ದರೆ ಇಪ್ಪತ್ತು ವರ್ಸ ಇದ ಜೊತೇಲಿ ಇಟ್ಕಂಡು ತಿರುಗ್ತಿದ್ರಾ? ಸೋಮವಾರ ಕಾರು ತೆಗೀರಿ, ನಾನೇ ಬತ್ತೀನಿ” ಎಂದರು. ತಮ್ಮ ತಲೆ ತಗ್ಗಿಸಿಕೊಂಡು ಹೂಂಗುಟ್ಟಿದ.

ಸೋಮವಾರ ನಾವು ಮೂವರೂ ಆ ಕಾರಿನಲ್ಲಿಯೇ ಹೋದೆವು. ಎರಡು ದಿನ ಹಿಂದೆ ನೋಡದೆ ಹಾದುಹೋಗಿದ್ದ ಮಣ್ಣುದಾರಿಗೆ ತಮ್ಮ ತಾನಾಗಿಯೇ ಕಾರು ತಿರುಗಿಸಿದ. ಆ ಮನೆಯ ಹಿರಿಯ ತಾಯಿ ಜಗಲಿಯ ಮೇಲಿದ್ದವರು ಅಂಬಾಸಿಡರಿನ ಸದ್ದಿಗೇ ಎದ್ದು ನಿಂತರು. ಕೈಕಾಲಿಗೆ ನೀರು, ಕುಡಿಯಲು ಮಜ್ಜಿಗೆ ಆದ ಮೇಲೆ ತಾಯಿಯವರು ಡೈರಿಯನ್ನು ತೆರೆದಿಟ್ಟು, ಎಂಟು ಸಾವಿರವನ್ನು ಎಲೆಯಡಿಕೆಯೊಂದಿಗೆ ತಟ್ಟೆಯಲ್ಲಿ ಮುಂದಿಟ್ಟರು. ಇಷ್ಟು ವರ್ಷದ ಬಡ್ಡಿಯೆಂದು ಬೇರೆಯಾಗಿ ಸ್ವಲ್ಪ ಹಣ ತಂದಿದ್ದರು. ಆ ತಾಯಿ ಅದನ್ನು ಮುಟ್ಟಲಿಲ್ಲ. “ಕೊಡುವಾಗ ಅವರು ಬಡ್ಡಿ ಮಾತಾಡಿರಲಿಲ್ಲ, ಈಗ ನಾನು ಈಸ್ಕಂಡರೆ ಅವರ ಮಾತ ಮುರಿದಂಗೆ ಆಯ್ತದೆ. ನೀವು ಬಂದ್ರಲ್ಲ ಅಕ್ಕ, ಅಷ್ಟೆ ಸಾಕು” ಎಂದು ಅಸಲನ್ನು ಮಾತ್ರ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಮಗನೂ ನನ್ನ ತಮ್ಮನೂ ಒಬ್ಬರ ಮುಖವನ್ನೊಬ್ಬರು ನೋಡಲಾರದೆ ಹೊರಗೆ ಕಾರಿನ ಬಾನೆಟ್ ಎತ್ತಿ ಎಂಜಿನ್ನಿನ ಮಾತನ್ನು ಆಡತೊಡಗಿದರು. ಗಂಡಸರ ರಾಜಿ ಹೀಗೆಯೇ ನಡೆಯುವುದೆಂದು ಕಾಣುತ್ತದೆ. ಬಡ್ಡಿಯೆಂದು ತೆಗೆದಿಟ್ಟ ಹಣ ಮನೆಗೆ ಮರಳಬಾರದೆಂದು ತಾಯಿಯವರು ಅದನ್ನು ಮಠದ ದಾಸೋಹಕ್ಕೆ ಒಪ್ಪಿಸಿದರು.

ನಮ್ಮ ಶರಣಪರಂಪರೆಯಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ತಿಳಿದದ್ದೇ ಆಗಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದರು. ಬೇಕಾದದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ ಎಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರು. ಬಾಲ್ಯದಿಂದ ಈ ಕಥೆಯನ್ನು ಪುರಾಣಪ್ರವಚನಗಳಲ್ಲಿ ಕೇಳಿದ್ದೇನೆ, ತರಗತಿಯಲ್ಲಿ ಹೇಳಿಯೂ ಇದ್ದೇನೆ. ಆದರೆ ಅದು ಹನ್ನೆರಡನೆಯ ಶತಮಾನದ ಕಥೆಯಾಗಿಯೇ ನನ್ನಲ್ಲಿ ಉಳಿದಿತ್ತು. ಒಂದೇ ವಾರದಲ್ಲಿ ಅದನ್ನು ಮೂರು ಸಲ ಕಣ್ಣಾರೆ ಕಂಡೆ. ನಾಲ್ಕು ನೂರು ಹಿಂದಿರುಗಿಸಿದ ಮೇಸ್ತ್ರಿಗಳಲ್ಲಿ ಕಂಡೆ, ಬಾಕಿಯನ್ನು ಒಪ್ಪಿಸಲು ತಾವೇ ಹೊರಟ ನಮ್ಮ ತಾಯಿಯಲ್ಲಿ ಕಂಡೆ, ಬಡ್ಡಿಯನ್ನು ಮುಟ್ಟದ ಆ ಮನೆಯ ತಾಯಿಯಲ್ಲಿ ಕಂಡೆ. ಮೊದಲನೆಯವರು ನಮ್ಮ ಮತದವರಲ್ಲ, ವಚನವನ್ನು ಓದಿದವರೂ ಇರಲಾರರು. ಕಾಯಕದ ಶುದ್ಧಿ ಯಾವ ಒಂದು ಕುಲದ ಸೊತ್ತೂ ಅಲ್ಲವೆಂದು ಬಸವಾದಿ ಪ್ರಮಥರು ಸಾರಿದ್ದು ಇದನ್ನೇ ಅಲ್ಲವೆ?

ಮುಚ್ಚಿಕೊಂಡ ಪೆಟ್ಟಿಗೆಯನ್ನು ಕುರಿತು ಮೇಸ್ತ್ರಿಗಳು ಆಡಿದ ಮಾತು ಸಂಸಾರಕ್ಕೂ ಸಲ್ಲುತ್ತದೆ. ಮುನಿಸಿಕೊಂಡ ಮನಸ್ಸುಗಳನ್ನು ಹೊರಗಿನಿಂದ ಮೀಟಿದರೆ ಬಣ್ಣ ಕಿತ್ತುಬರುತ್ತದೆಯೇ ಹೊರತು ಬಾಗಿಲು ತೆರೆಯುವುದಿಲ್ಲ. ಒಳಗಿನಿಂದ ತಳ್ಳುತ್ತಿರುವುದು ಏನೆಂದು ಮೊದಲು ಕಾಣಬೇಕು, ಆ ಭಾರವನ್ನು ಇಳಿಸಬೇಕು. ತೆರೆದ ಮೇಲೆ ಒಳಗೆ ಇರುವುದು ನಮಗೆ ಅನುಕೂಲವಾದದ್ದೇ ಆಗಿರಬೇಕೆಂಬ ಹಟವನ್ನೂ ಬಿಡಬೇಕು. ನನ್ನ ತಮ್ಮ ತೀರಿದ ಸಾಲವನ್ನು ಹುಡುಕಲು ಹೋಗಿ ತೀರದ ಸಾಲವನ್ನು ಕಂಡ. ಆದರೆ ಕಳೆದುಹೋಗಿದ್ದ ನೆಂಟಸ್ತಿಕೆ ಮರಳಿ ದೊರೆತದ್ದು ಆ ತೀರದ ಸಾಲದಿಂದಲೇ. ಡೈರಿಯಲ್ಲಿ ಬಾಕಿಯಿಲ್ಲವೆಂದು ಬರೆದಿದ್ದರೆ ನಾವು ಗೆದ್ದೆವೆಂದು ಬೀಗುತ್ತಿದ್ದೆವು, ಆ ಮನೆಯ ಬಾಗಿಲು ಎಂದೆಂದಿಗೂ ಮುಚ್ಚಿಹೋಗುತ್ತಿತ್ತು.

ಕೊನೆಯದಾಗಿ ಗೃಹಸ್ಥರಾದ ಓದುಗ ಬಂಧುಗಳಲ್ಲಿ ಮೂರು ಬಿನ್ನಹ. ವಾಹನದ ಪತ್ರಗಳ, ಜಮೀನಿನ ಪತ್ರಗಳ, ಕೊಟ್ಟು ತಂದ ಲೆಕ್ಕಗಳ ಒಂದು ಪ್ರತಿ ಮನೆಯೊಳಗೆ ಇರಲಿ, ಅದು ಇರುವ ಜಾಗ ಮನೆಯ ಯಜಮಾನತಿಗೂ ಬೆಳೆದ ಮಕ್ಕಳಿಗೂ ತಿಳಿದಿರಲಿ. ಹಳೆಯ ಷೆಲ್ಲುಗಳನ್ನು ಬ್ಯಾಟರಿಯಲ್ಲಿಯೇ ಬಿಟ್ಟು ಮರೆಯಬೇಡಿ, ಬಳಸದಿರು ವಾಗ ಹೊರತೆಗೆದಿಡಿ. ಇನ್ನು ಬಾಯಿಮಾತಿನ ಸಾಲವೊಂದು ನಿಮ್ಮ ಮನೆಯಲ್ಲಿಯೂ ಇದ್ದರೆ, ಕೊಟ್ಟವರೂ ಪಡೆದವರೂ ಬದುಕಿರುವಾಗಲೇ ಒಂದು ಸೋಮವಾರ ಬಿಡುವು ಮಾಡಿಕೊಂಡು ಹೋಗಿಬನ್ನಿ.